ಒಣಕಡ್ಡಿಯ ಶಿಲ್ಪ

ಶಿಲ್ಪವೆಂದೊಡನೆ ನಮಗೆ ಐಹೊಳೆ, ಪಟ್ಟದಕಲ್ಲುಗಳ ನೆನಪಾಗುತ್ತದೆ. ಬೇಡದ ಕಲ್ಲನ್ನು ಕಡಿದು ತೆಗೆದು ಬೇಕಾದ ರೂಪವನ್ನು ಉಳಿಸುವುದು ಆ ಕಲೆಯ ಕ್ರಮ. ಆದರೆ ಕಡಿಯುವ ಕೆಲಸವನ್ನು ಪ್ರಕೃತಿಯೇ ಮುಗಿಸಿ, ಆರಿಸುವ ಕೆಲಸವನ್ನು ಮಾತ್ರ ನಮಗೆ ಬಿಟ್ಟಿರುವ ಶಿಲ್ಪವೂ ಒಂದುಂಟು. ನೆಲಕ್ಕೆ ಬಿದ್ದ ಒಣಕಡ್ಡಿಯೇ ಅದರ ಸಾಮಗ್ರಿ.

ಬಂಗಾಳದ ಚಿತ್ರಕಾರ ಅವನೀಂದ್ರನಾಥ ಠಾಕೂರರು (1871–1951) ಬಾಳಿನ ಕಡೆಯ ವರ್ಷಗಳಲ್ಲಿ ಕುಂಚವನ್ನು ಬದಿಗಿಟ್ಟು, ಕಡ್ಡಿ, ಬೇರು, ಬಿದಿರ ಚೂರುಗಳನ್ನು ಆಯ್ದು ಹಕ್ಕಿಗಳನ್ನೂ ಮೃಗಗಳನ್ನೂ ಮಾಡುತ್ತಿದ್ದರು. ಅವನ್ನು ‘ಕುಟುಮ್ ಕಾಟಾಮ್’ ಎಂದು ಕರೆದರು. ಮೈಸೂರಿನ ಕೆ. ವೆಂಕಟಪ್ಪನವರಿಗೆ ಕಲ್ಕತ್ತೆಯಲ್ಲಿ ಗುರುಗಳಾಗಿದ್ದವರು ಇವರೇ. ಕಡ್ಡಿಯನ್ನು ಆದಷ್ಟು ಕಡಮೆ ಕೆತ್ತಿ, ಅದರಲ್ಲಿ ಮೊದಲೇ ಇದ್ದ ರೂಪವನ್ನು ಕಾಣಿಸುವುದು ಅವರ ಪದ್ಧತಿ.

ಇದಕ್ಕಾಗಿ ನಾವು ದೂರ ಹೋಗಬೇಕಾದುದಿಲ್ಲ. ರಬಕವಿ-ಬನಹಟ್ಟಿ ಸೀಮೆಯ ಚಿಮ್ಮಡದಂತಹ ಊರುಗಳಲ್ಲಿ ಹೊಲದ ಬದುವಿನ ಜಾಲಿಯೇ ಸಾಕು. ಅದರ ಗೆಣ್ಣುಗೆಣ್ಣಿಗೂ ಹೊರಡುವ ಜೋಡಿಮುಳ್ಳು ಜಿಂಕೆಯ ಕೊಂಬಾಗಬಲ್ಲುದು. ಬಾಗಿದ ಕವಲು ಕೊಕ್ಕರೆಯ ಕೊರಳಾಗಬಲ್ಲುದು.

ಆರಿಸಿದ ಕಡ್ಡಿ ಪೂರ್ತಿಯಾಗಿ ಒಣಗಿರಬೇಕು. ಹಸಿಯ ಮರ ಆರುವಾಗ ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ, ಅಡ್ಡಲಾಗಿ ಕುಗ್ಗುವುದು ಬಹಳ. ಆದುದರಿಂದ ಇಂದು ಬಿಗಿಯಾಗಿ ಕೂಡಿಸಿದ ಸಂದು ತಿಂಗಳೊಳಗೆ ಸಡಿಲವಾಗುತ್ತದೆ. ತುದಿಗಳಿಂದ ನೀರು ಬೇಗ ಹೊರಡುವುದರಿಂದ ಮೊದಲು ಬಿರಿಯುವುದೂ ತುದಿಯೇ. ಇದನ್ನು ತಡೆಯಲು ತುದಿಗೆ ಮೇಣ ಹಚ್ಚಿ ನೆರಳಿನಲ್ಲಿ ಒಣಗಿಸುವುದು ಲೇಸು. ತೂತಿನಿಂದ ಹಿಟ್ಟು ಉದುರುವ ಕಡ್ಡಿಯಲ್ಲಿ ಹುಳುವಿದೆ. ಅದನ್ನು ಮನೆಗೆ ತರಲಾಗದು.

ಕೂಡಿಸುವ ವಿದ್ಯೆಗೆ ಕೊಪ್ಪಳದ ಬಳಿಯ ಕಿನ್ನಾಳವೇ ನಮಗೆ ಪಾಠಶಾಲೆ. ಅಲ್ಲಿಯ ಗೊಂಬೆಗಾರರು ಸೆಣಬಿನ ಹುಡಿ, ಮರದ ಹುಡಿ, ಹುಣಸೆಬೀಜದ ಅಂಟುಗಳನ್ನು ಕಲಸಿ ‘ಕಿಟ್ಟ’ವೆಂಬ ಮುದ್ದೆಯನ್ನು ಮಾಡುತ್ತಾರೆ. ಕಡ್ಡಿಯ ಸಂದನ್ನು ಮುಚ್ಚುವುದಕ್ಕೂ ಇಂತಹ ಮುದ್ದೆ ಒಗ್ಗುತ್ತದೆ. ಆದರೆ ಹುಣಸೆಯ ಅಂಟಿಗೆ ನೀರು ಶತ್ರು. ಗೊಂಬೆಯನ್ನು ತೇವದಿಂದ ದೂರವಿಡಬೇಕು.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ. ನಮಗೆ ಅಲಂಕಾರವಾದ ಕಡ್ಡಿ, ಒಲೆಯ ಮುಂದೆ ಕುಳಿತವಳಿಗೆ ಅಂದಿನ ಅಡುಗೆ. ಬದುವಿನಲ್ಲಿ ಬಾಗಿ ಬಾಗಿ ಪುಳ್ಳೆಯಾಯುವ ಬಡವಳ ಪಾಲನ್ನು ನಮ್ಮ ಪಡಸಾಲೆಯ ಬೆಡಗಿಗಾಗಿ ಕಸಿಯುವುದು ಕಲೆಯೆನಿಸೀತೆ? ಈ ಗೊಂಬೆಗಳಿಗೆ ಪೇಟೆಯಲ್ಲಿ ಗಿರಾಕಿ ಹೆಚ್ಚಿತೆನ್ನಿ. ಆಗ ಬಿದ್ದ ಕಡ್ಡಿ ಸಾಲದೆ ಕೊಡಲಿ ಹಸಿಯ ಮರದ ಕಡೆಗೆ ತಿರುಗುತ್ತದೆ. ಹೊರೆಗೆ ಒಗ್ಗದ ಸೊಟ್ಟ ಕಡ್ಡಿ ನಮಗಿರಲಿ, ನೆಟ್ಟನೆಯ ದಪ್ಪ ಕಡ್ಡಿ ಒಲೆಗಿರಲಿ, ಹಸಿಯ ಕೊಂಬೆ ಮರದಲ್ಲಿಯೇ ಇರಲಿ. ಈ ಕಲೆಯಲ್ಲಿ ಕೈಗಿಂತ ಕಣ್ಣು ದೊಡ್ಡದು. ಕಣ್ಣಿಗಿಂತಲೂ ದೊಡ್ಡದು, ಸಾಕೆಂದು ಹಿಂದಿರುಗುವ ಮನಸ್ಸು.