ಅಂಚಿನಲ್ಲಿ ನಿಂತವನ ವಿದ್ಯೆ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಮೊಟ್ಟೆಯಾಕಾರದ ಚೆಂಡನ್ನು ಕೈಗೆ ತೆಗೆದುಕೊಂಡು, ಎದುರಾಳಿಗಳು ಮೈಮೇಲೆ ಬೀಳುವಷ್ಟರಲ್ಲಿ, ಅದನ್ನು ಯಾರಿಗೆ ಎಸೆಯಬೇಕೆಂದು ನಿಶ್ಚಯಿಸುವವನೇ ಕ್ವಾರ್ಟರ್‌ಬ್ಯಾಕ್. ತಂಡದ ವಿವೇಕವೆಲ್ಲ ಆ ಒಬ್ಬನಲ್ಲಿ ನೆಲೆಸಿರಬೇಕು. ಆದರೂ ವೃತ್ತಿತಂಡಗಳು ಅವನಲ್ಲಿ ಮೊದಲು ಅಳೆಯುವುದು ಮೈಯ ಎತ್ತರವನ್ನು, ತೋಳಿನ ಬಲವನ್ನು. ಈ ವೈಪರೀತ್ಯವನ್ನು ನೆನೆದಾಗಲೆಲ್ಲ ನನಗೆ ಕೆಲನ್ ಮೂರ್‌ನ ವೃತ್ತಾಂತ ನೆನಪಿಗೆ ಬರುತ್ತದೆ.

ವಾಷಿಂಗ್‌ಟನ್ ರಾಜ್ಯದ ಪ್ರಾಸರ್ ಎಂಬ ಸಣ್ಣ ಊರು ಅವನದು. ತಂದೆ ಅಲ್ಲಿನ ಪ್ರೌಢಶಾಲೆಯಲ್ಲಿ ಇದೇ ಆಟದ ತರಬೇತುದಾರ. ಮಗ ಎಡಗೈಯವನು, ಎತ್ತರ ಸುಮಾರು ಆರಡಿ. ನಮ್ಮ ಕಣ್ಣಿಗೆ ಅದು ಎತ್ತರವೇ. ಆ ಸ್ಥಾನಕ್ಕೆ ಆಳು ಹುಡುಕುವವರ ಕಣ್ಣಿಗೆ ಕುಳ್ಳು. 2008ರಿಂದ 2011ರವರೆಗೆ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾನಿಲಯದ ತಂಡವನ್ನು ಅವನು ನಡೆಸಿದ. ಗೆದ್ದ ಪಂದ್ಯಗಳು 50, ಸೋತವು 3. ಆ ಮೂರು ಸೋಲುಗಳ ಅಂತರವನ್ನು ಒಟ್ಟುಗೂಡಿಸಿದರೂ ಐದೇ ಅಂಕ! ಕಾಲೇಜು ಆಟದ ಅತ್ಯುನ್ನತ ಶ್ರೇಣಿಯಲ್ಲಿ ಅಷ್ಟು ಗೆಲವು ಅದುವರೆಗೆ ಯಾವ ಕ್ವಾರ್ಟರ್‌ಬ್ಯಾಕ್‌ಗೂ ಸಂದಿರಲಿಲ್ಲ. ಆದರೆ 2012ರಲ್ಲಿ ವೃತ್ತಿತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ 253 ಹೆಸರುಗಳನ್ನು ಕರೆದವು. ಅವನ ಹೆಸರು ಅವುಗಳಲ್ಲಿರಲಿಲ್ಲ.

ಬಳಿಕ ಡೆಟ್ರಾಯಿಟ್ ತಂಡ ಅವನನ್ನು ಸೇರಿಸಿಕೊಂಡಿತು. ಅಲ್ಲಿ ಮೂರು ವರ್ಷ, ಒಂದೇ ಒಂದು ಲೀಗ್ ಪಂದ್ಯದಲ್ಲೂ ಕಣಕ್ಕಿಳಿಯದೆ, ಅಂಚಿನಲ್ಲಿ ನಿಂತು ನೋಡಿದ. 2015ರಲ್ಲಿ ಡಲ್ಲಾಸ್ ತಂಡದ ಪರವಾಗಿ ಮೂರು ಪಂದ್ಯಗಳಲ್ಲಿ ಆಡಿದ. ಅವನ ವೃತ್ತಿಜೀವನದ ಆಟವೆಲ್ಲ ಅಷ್ಟೇ. ಮರುವರ್ಷ ಕಾಲು ಮುರಿಯಿತು.

ಕಥೆ ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ 2018ರಲ್ಲಿ ಅದೇ ಡಲ್ಲಾಸ್ ತಂಡ ಅವನನ್ನು ಕ್ವಾರ್ಟರ್‌ಬ್ಯಾಕ್‌ಗಳಿಗೆ ಕಲಿಸುವ ಸಹಾಯಕ ತರಬೇತುದಾರನನ್ನಾಗಿ ಮಾಡಿತು. ಡೆಟ್ರಾಯಿಟ್‌ನಲ್ಲಿ ಅವನಿಗೆ ಆಕ್ರಮಣದ ತಂತ್ರ ಕಲಿಸಿದ್ದ ಸ್ಕಾಟ್ ಲೈನ್‌ಹನ್ ಆಗ ಡಲ್ಲಾಸ್‌ನಲ್ಲಿ ಅದೇ ಹೊಣೆ ಹೊತ್ತಿದ್ದರು. 2019ರಲ್ಲಿ ಅವರ ಸ್ಥಾನ ಈ ಶಿಷ್ಯನಿಗೇ ಬಂತು. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ತಂಡ 40–22ರಿಂದ ಸೂಪರ್ ಬೌಲ್ ಗೆದ್ದಾಗ ಅದರ ಆಕ್ರಮಣದ ಸೂತ್ರ ಹಿಡಿದವನು ಮೂರ್. ಅದೇ ತಿಂಗಳು ನ್ಯೂ ಆರ್ಲಿಯನ್ಸ್ ತಂಡ ಅವನನ್ನು ಮುಖ್ಯ ತರಬೇತುದಾರನಾಗಿ ಕರೆದುಕೊಂಡಿತು.

ಆ ಮೂರು ವರ್ಷಗಳನ್ನು ವ್ಯರ್ಥವೆನ್ನಲು ನನಗೆ ಮನಸ್ಸು ಬಾರದು. ಆಡುವವನಿಗೆ ಕಾಣುವುದು ತನ್ನ ಆಟ. ಅಂಚಿನಲ್ಲಿ ಕಣ್ಣು ತೆರೆದು ನಿಂತವನಿಗೆ ಎಲ್ಲರ ಆಟವೂ ಕಾಣುತ್ತದೆ. ಎತ್ತರ ಅಳೆಯುವ ಪಟ್ಟಿ ಎಲ್ಲರ ಬಳಿಯೂ ಇದೆ. ಈ ಕಾಣ್ಕೆಯನ್ನು ಅಳೆಯುವ ಪಟ್ಟಿಯನ್ನು ಆ ವೃತ್ತಿಯವರು ಇನ್ನೂ ಮಾಡಿಲ್ಲ. ನಮ್ಮ ಪರೀಕ್ಷಕರೂ ಮಾಡಿದಂತೆ ತೋರುವುದಿಲ್ಲ.