ಒಂದೇ ಕಪಾಟಿನಲ್ಲಿ ಕೆಮ್ಮೂ ಔಷಧವೂ

"ಸೀಸೆ ತಂದಿದ್ದೀಯೇನಮ್ಮಾ?"

ಹಳೇ ಕಾಲದ ಔಷಧದಂಗಡಿಯಲ್ಲಿ ಕಾಂಪೌಂಡರ ಮೊದಲ ಪ್ರಶ್ನೆ ಇದು. ಕಾಯಿಲೆಯ ವಿಚಾರ ಆಮೇಲೆ. ಸೀಸೆ ಮರೆತು ಬಂದವರು ಮನೆಗೆ ವಾಪಸು ಓಡಬೇಕು, ಇಲ್ಲವೇ ಅಂಗಡಿಯ ಸೀಸೆಗೆ ಬೇರೆ ಕಾಸು ತೆರಬೇಕು. ತಂದ ಸೀಸೆಯನ್ನು ತೊಳೆದು, ನಸುಗೆಂಪು ಮಿಕ್ಸ್ಚರ್ ತುಂಬಿ, ಬಿರಡೆ ಒತ್ತಿ, ಮಗ್ಗುಲಿಗೊಂದು ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಕಾಗದವನ್ನು ಉದ್ದಕ್ಕೆ ಮಡಚಿ ಕತ್ತರಿಯಿಂದ ಅಲ್ಲಲ್ಲಿ ಕಚ್ಚು ಹಾಕಿದ ಪಟ್ಟಿ ಅದು. ಒಂದು ಕಚ್ಚಿನಿಂದ ಮುಂದಿನ ಕಚ್ಚಿನವರೆಗೆ ಒಂದು ಹೊತ್ತಿನ ಔಷಧ. ಅಕ್ಷರ ಬಾರದ ಅಜ್ಜಿಗೂ ಅಳತೆ ತಪ್ಪುತ್ತಿರಲಿಲ್ಲ. ಕತ್ತರಿ, ಗೋಂದು, ಒಂದು ಚೂರು ಕಾಗದ, ಇಷ್ಟರಲ್ಲೇ ಮುಗಿಯುತ್ತಿದ್ದ ಈ ಜಾಣತನ ಯಾರದೆಂದು ನಾವು ಕೇಳಿದವರೇ ಅಲ್ಲ.

ಈ ಲೇಖನ ಅಂಥ ಅಂಗಡಿಯ ಬಗ್ಗೆ. ಜೊತೆಗೆ, ಔಷಧ ಕೊಡುವ ಕೈಯೇ ಸಿಗರೇಟನ್ನೂ ಕೊಡುತ್ತಿದ್ದ ಕಾಲದ ಬಗ್ಗೆ, ಆ ಕಾಲವನ್ನು ಬಣ್ಣಬಣ್ಣವಾಗಿ ಹಿಡಿದಿಟ್ಟಿರುವ ರಟ್ಟಿನ ಕಾರ್ಡುಗಳ ಬಗ್ಗೆ. ಇದಕ್ಕೆ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಊರು ಸಿಗುವುದಿಲ್ಲ. ಅಲ್ಲಿನ ಬದುಕೇ ಎದೆಗೂಡಿಗೂ ಧೂಳಿಗೂ ನಡುವಿನ ವ್ಯವಹಾರವಾಗಿತ್ತು.

ಗಣಿಗೆ ರೈಲು ದಾರಿ ಕವಲೊಡೆಯುವ ಬಂಗಾರಪೇಟೆ ಆಗ ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರಾಗಿದ್ದ ಎಲ್. ಬಿ. ಬೌರಿಂಗ್ ಅವರ ಹೆಸರು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ರೈಲು ಬಂತು. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಗಣಿಯ ಕೆಲಸಕ್ಕೆ ಕೈಹಾಕಿದ ಮೇಲೆ, 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಹದಿನಾರು ಕಿಲೋಮೀಟರಿನ ಕವಲು ದಾರಿ ಬಿತ್ತು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ: ಸ್ಟೇಷನ್ನುಗಳ ಹೆಸರಿನಲ್ಲೇ ಅರ್ಧ ಚರಿತ್ರೆಯಿದೆ. ಕೆಳಗಿಳಿದು ಬಂಡೆ ಕೊರೆಯುವ ತಮಿಳರು, ತೆಲುಗರು, ಸುತ್ತಲಿನ ಹಳ್ಳಿಗಳ ಕನ್ನಡಿಗರು, ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ತವರದ ಗಣಿಯ ಪಳಗಿದ ಕೈಗಳು, ಆಂಗ್ಲೋ ಇಂಡಿಯನ್ ಕುಟುಂಬಗಳು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಬಂದು ಇಲ್ಲಿನ ಯಂತ್ರಗಳನ್ನು ತಿರುಗಿಸಿತು. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ಪೇಟೆ ಊರಿನ ಸಂತೆಯೂ ಆಯಿತು, ಸಂಜೆಯ ತಿರುಗಾಟದ ಜಾಗವೂ ಆಯಿತು. ಗಣಿಯವರಿಗೆ ಚಾಂಪಿಯನ್ ರೀಫ್ಸಿನಲ್ಲಿ ಕಂಪನಿಯ ಆಸ್ಪತ್ರೆಯಿತ್ತು. ಆಸ್ಪತ್ರೆಯ ಹೊಸ್ತಿಲು ತುಳಿಯಲಾಗದವರಿಗೆ, ತುಳಿಯಲು ಹೆದರುವವರಿಗೆ, ಬರೀ ತಲೆನೋವಿನವರಿಗೆ ಪೇಟೆಯ ಅಂಗಡಿಯೇ ಗತಿ.

ಆ ಕಾಲದ 'ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್' ಬೋರ್ಡಿನ ಅಂಗಡಿಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಮುಖ. ಕಿಟಕಿಯಲ್ಲಿ ಕೆಂಪು, ಹಸಿರು ನೀರು ತುಂಬಿದ ದೊಡ್ಡ ಗಾಜಿನ ಬುರುಡೆಗಳು. ಅವು ಔಷಧವಲ್ಲ, ದೂರದಿಂದಲೇ ಅಂಗಡಿಯ ಗುರುತು ಹಿಡಿಯಲೆಂದು ಇಟ್ಟವು. ಹಿಂದೆ ಗೋಡೆಯುದ್ದಕ್ಕೂ ಸಣ್ಣಸಣ್ಣ ಮರದ ಡ್ರಾಯರುಗಳು, ಮೇಲೆ ಲ್ಯಾಟಿನ್ ಹೆಸರು ಬರೆದ ಜಾಡಿಗಳು. ಪಿಂಗಾಣಿ ಖಲ್ವ, ಹಿತ್ತಾಳೆ ತಕ್ಕಡಿ, ಗುಳಿಗೆ ಉರುಟುವ ಹಲಗೆ. ವಿಷದ ಔಷಧಗಳಿಗೆ ಕಡುನೀಲಿ ಅಥವಾ ಹಸಿರು ಗಾಜಿನ ಏಣೇಣಾದ ಸೀಸೆ. ರಾತ್ರಿ ಕತ್ತಲಲ್ಲಿ ತಡಕಿದರೂ ಬೆರಳಿಗೆ ಎಚ್ಚರಿಕೆ ತಟ್ಟಲೆಂದು ಆ ಏಣು. ಔಷಧದಂಗಡಿ ಹನಿ ವಿಷಕ್ಕೆ ಇಷ್ಟು ಜೋಪಾನ ಮಾಡುತ್ತಿದ್ದರೆ, ಅತ್ತ ಗಣಿಯ ಮಿಲ್ಲಿನಲ್ಲಿ ಅದುರಿನಿಂದ ಚಿನ್ನ ಬಿಡಿಸಲು ಸೈನೈಡನ್ನು ಸರಾಗವಾಗಿ ಬಳಸುತ್ತಿದ್ದರು. ಹಾಗೆ ಸೋಸಿ ಬಿಟ್ಟ ಮಣ್ಣೇ ಇಂದಿಗೂ ಊರ ನಡುವೆ ನಿಂತಿರುವ ಸೈನೈಡ್ ಗುಡ್ಡಗಳು. ಮೂರು ಕೋಟಿ ಟನ್ನಿಗೂ ಮಿಕ್ಕಿ ಇದೆ.

ಕಟ್ಟಿಕೊಡುವ ಔಷಧದ ಜೊತೆಗೆ ಕಟ್ಟಿಯೇ ಬರುವ ಔಷಧವೂ ಇತ್ತು. ಮಗುವಿನ ಹೊಟ್ಟೆನೋವಿಗೆ ಇಂಗ್ಲೆಂಡಿನ ವುಡ್‌ವರ್ಡ್ಸ್ ಗ್ರೈಪ್ ವಾಟರ್, ಗಾಯಕ್ಕೆ ಲೀಡ್ಸಿನ ಜಂಬಕ್, ತಲೆನೋವಿಗೆ ಲಿಟ್ಲ್ಸ್ ಓರಿಯಂಟಲ್ ಬಾಮು. 1893ರಲ್ಲಿ ಕಾಶೀನಾಥುನಿ ನಾಗೇಶ್ವರರಾವ್ ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನ ಮುಂದೆ ಮದರಾಸಿನ ಮನೆಮಗಳೇ ಆಗಿಹೋಯಿತು. ಚಳಿಜ್ವರಕ್ಕೆ ಕ್ವಿನೈನ್. ಅದರ ಕಹಿ ನೆನಪಿರುವವರು ಇನ್ನೂ ಇದ್ದಾರೆ. ಹೆಸರೆತ್ತಿದರೆ ಮುಖ ಕಿವುಚುತ್ತಾರೆ.

ಇನ್ನು ಸಿಗರೇಟು. ಔಷಧವೂ ಹೊಗೆಬತ್ತಿಯೂ ಒಂದೇ ಸೂರಿನಡಿ ಸಿಗುವುದು ಅಂದಿಗೆ ವಿಚಿತ್ರವಾಗಿರಲಿಲ್ಲ. ಮದರಾಸಿನ ಸ್ಪೆನ್ಸರ್ ಕಂಪನಿಯನ್ನೇ ನೋಡಿ. ಬೆಂಗಳೂರಿನಲ್ಲೂ ದೊಡ್ಡ ಮಳಿಗೆ ಇಟ್ಟಿದ್ದ ಈ ಸಂಸ್ಥೆ ಬಿಸ್ಕತ್ತಿನಿಂದ ಹಿಡಿದು ಔಷಧದವರೆಗೆ ಎಲ್ಲವನ್ನೂ ಮಾರುತ್ತಿತ್ತು, ದಿಂಡಿಗಲ್ಲಿನ ತನ್ನದೇ ಕಾರ್ಖಾನೆಯಲ್ಲಿ ಚುಟ್ಟವನ್ನೂ ಸುತ್ತಿಸುತ್ತಿತ್ತು. ತಿರುಚನಾಪಳ್ಳಿಯ ಚುಟ್ಟದ ಕೀರ್ತಿ ಎಷ್ಟಿತ್ತೆಂದರೆ, 1887ರ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಪತ್ತೇದಾರ ಅದರ ಬೂದಿಯನ್ನೇ ಗುರುತು ಹಿಡಿಯುತ್ತಾನೆ. 1910ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ನೋಂದಣಿಯಾಯಿತು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಅದರ ಸಿಗರೇಟು ಕಾರ್ಖಾನೆ ಎದ್ದಿತು. ವಿಲ್ಸ್ ಕಂಪನಿಯ 'ಸಿಸರ್ಸ್' ನಮ್ಮವರ ಬಾಯಲ್ಲಿ ಕತ್ತರಿ ಮಾರ್ಕ್ ಸಿಗರೇಟಾಯಿತು. ಹೆಸರು ಓದಲಾಗದಿದ್ದರೂ ಚಿತ್ರ ಓದಬಹುದಲ್ಲ. ಔಷಧದ ಸೀಸೆಗೆ ಅಂಟಿಸಿದ ಕಚ್ಚುಪಟ್ಟಿಯ ಜಾಣತನವೇ ಇಲ್ಲಿ ಲಾಭಕ್ಕೆ ತಿರುಗಿತ್ತು.

ಇದಕ್ಕಿಂತ ಅಚ್ಚರಿಯದು ಇನ್ನೊಂದಿದೆ: ಔಷಧದ ಸಿಗರೇಟು. ದಮ್ಮಿನವರು ಉಮ್ಮತ್ತಿ ಗಿಡವನ್ನು, ಅಂದರೆ ದತ್ತೂರಿಯನ್ನು, ಒಣಗಿಸಿ ಸೇದುವುದು ನಮ್ಮ ನಾಡಿನ ಹಳೆಯ ಮದ್ದು. ಮದರಾಸಿನ ಹಿರಿಯ ವೈದ್ಯಾಧಿಕಾರಿ ಜೇಮ್ಸ್ ಆಂಡರ್ಸನ್ ಇದನ್ನು ರೋಗಿಗಳಿಗೆ ಹೇಳುತ್ತಿದ್ದರು. 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ಅದನ್ನು ಎಡಿನ್‌ಬರೊಗೆ ಮುಟ್ಟಿಸಿದರು. ಮುಂದಿನ ನೂರು ವರ್ಷ ಯೂರೋಪಿನ ಔಷಧ ಕಂಪನಿಗಳು ಉಮ್ಮತ್ತಿಯನ್ನೂ ಅದರ ಬಂಧುಗಳನ್ನೂ ಸುತ್ತಿ 'ಆಸ್ತಮಾ ಸಿಗರೇಟು' ಎಂದು ಮಾರಿದವು. ಪ್ಯಾರಿಸ್ಸಿನ ಗ್ರಿಮೋ ಕಂಪನಿಯಂತೂ ಗಾಂಜಾ ಬೆರೆಸಿದ ತನ್ನ ಸರಕಿಗೆ 'ಇಂಡಿಯನ್ ಸಿಗರೇಟು' ಎಂದೇ ಹೆಸರಿಟ್ಟಿತು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಇಂಥವನ್ನು ಸೇದಿ ಉಸಿರಾಡಿದವನು. ಇದೆಲ್ಲ ಬೂಟಾಟಿಕೆ ಎನ್ನುವಂತಿಲ್ಲ. ಉಮ್ಮತ್ತಿಯಲ್ಲಿ ಶ್ವಾಸನಾಳವನ್ನು ಸಡಿಲಿಸುವ ಸತ್ವ ಉಂಟು. ಇವತ್ತು ನೆಬ್ಯುಲೈಸರಿಗೆ ಹಾಕುವ ಇಪ್ರಾಟ್ರೋಪಿಯಂ ಅದೇ ಕುಲದ್ದು.

ಆದರೆ ಗಣಿಯ ಕೆಮ್ಮು ದಮ್ಮಲ್ಲ. ಬಂಡೆ ಕೊರೆಯುವಾಗ ಏಳುವ ಬಿಳಿಗಲ್ಲಿನ ನುಣುಪು ಧೂಳು ಪುಪ್ಪುಸದಲ್ಲಿ ಕೂತು ಗಾಯ ಮಾಡುತ್ತದೆ, ಗಾಯ ಗಟ್ಟಿಯಾಗುತ್ತದೆ. ಸಿಲಿಕೋಸಿಸ್ ಎಂದು ಅದರ ಹೆಸರು. ಹೊಗೆಯಿಂದಲೂ ಅದು ಸಡಿಲವಾಗದು, ಮಿಕ್ಸ್ಚರಿನಿಂದಲೂ ಕರಗದು. 1940ರಿಂದ 46ರವರೆಗೆ ಗಣಿಯ ವೈದ್ಯರು 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯ ಎದೆಯಲ್ಲಿ ಈ ಕಾಯಿಲೆ ಕಂಡಿತು. ಈ ದೇಶದಲ್ಲಿ ಸಿಲಿಕೋಸಿಸ್ ಬಗ್ಗೆ ನಡೆದ ಮೊದಮೊದಲ ದೊಡ್ಡ ತಪಾಸಣೆಗಳಲ್ಲಿ ಇದೂ ಒಂದು. ಅಂಥ ಊರಿನ ಅಂಗಡಿಗೋಡೆಯ ಮೇಲೆ ತಂಪು ಹೊಗೆ, ಗಂಟಲಿಗೆ ಹಿತ ಎಂದು ನಗುವ ತಗಡಿನ ಬೋರ್ಡು ಹೇಗಿದ್ದೀತು, ಊಹಿಸಿಕೊಳ್ಳಿ.

ಈಗ ಕಾರ್ಡಿಗೆ ಬರೋಣ. ಹಿಂದೂಸ್ಥಾನದ ಮೊದಲ ಅಂಚೆ ಕಾರ್ಡು ಹೊರಟಿದ್ದು 1879ರ ಜುಲೈ 1ರಂದು, ಬೆಲೆ ಕಾಲಾಣೆ. ಮೈಸೂರಿಗೆ ಆಗ ತನ್ನದೇ ಅಂಚೆ ಇತ್ತು. 1889ರಲ್ಲಿ ಅದು ಬ್ರಿಟಿಷ್ ಅಂಚೆಯೊಳಗೆ ಸೇರಿತು. ಚಿತ್ರದ ಕಾರ್ಡು ಬಂದದ್ದು ಆ ಶತಮಾನದ ಕೊನೆಗೆ. ಮೊದಲು ಒಂದು ಮಗ್ಗುಲು ಪೂರ್ತಿ ವಿಳಾಸಕ್ಕೇ ಮೀಸಲು, ಮಾತೇನಿದ್ದರೂ ಚಿತ್ರದ ಅಂಚಿನಲ್ಲಿ ಗೀಚಬೇಕು. 1902ರಲ್ಲಿ ಬ್ರಿಟನ್ ವಿಳಾಸದ ಮಗ್ಗುಲನ್ನು ಎರಡಾಗಿ ಸೀಳಿ ಅರ್ಧ ಜಾಗವನ್ನು ಮಾತಿಗೆ ಬಿಟ್ಟಿತು. ಬೇರೆ ದೇಶಗಳೂ ಹಿಂಬಾಲಿಸಿದವು. ಚಿತ್ರ ಇಡಿಯಾಗಿ ಉಳಿಯಿತು, ಜಾಹೀರಾತುದಾರರ ಕಣ್ಣೂ ಅದರ ಮೇಲೆ ಬಿತ್ತು. ಫ್ರಾನ್ಸಿನ ಜಾಬ್ ಕಂಪನಿ ಸಿಗರೇಟು ಸುತ್ತುವ ಕಾಗದಕ್ಕಾಗಿ ಆಲ್ಫೋನ್ಸ್ ಮೂಕಾ ಮುಂತಾದವರಿಂದ ಬರೆಸಿದ ಚಿತ್ರಗಳನ್ನು ಕಾರ್ಡುಗಳಾಗಿ ಅಚ್ಚು ಹಾಕಿಸಿತು. ಹೊಗೆಯ ಸುರುಳಿಯಂತೆ ಕೂದಲು ಬಿಟ್ಟ ಆ ಹೆಂಗಸು ಇಂದಿಗೂ ಕಾಫಿ ಅಂಗಡಿಗಳ ಗೋಡೆಯಲ್ಲಿದ್ದಾಳೆ. ನಮ್ಮಲ್ಲಿ ರವಿವರ್ಮ ಪ್ರೆಸ್ಸು ದೇವರ ಪಟಗಳ ಜೊತೆಗೆ ಕಾರ್ಡುಗಳನ್ನೂ ಮುದ್ರಿಸಿತು. ಮದರಾಸಿನ ಹಿಗ್ಗಿನ್‌ಬಾಥಮ್ಸ್, ವೀಲೆ ಅಂಡ್ ಕ್ಲೈನ್ ಮುಂತಾದವರು ದಕ್ಷಿಣದ ಊರುಗಳನ್ನು ಕಾರ್ಡಿಗಿಳಿಸಿ ಮಾರಿದರು.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡಬೇಕು. ಸಿಗರೇಟು ಕಾರ್ಡು ಬೇರೆ, ಸಿಗರೇಟು ಜಾಹೀರಾತಿನ ಅಂಚೆ ಕಾರ್ಡು ಬೇರೆ. ಮೊದಲನೆಯದು ಬೆರಳುದ್ದದ ರಟ್ಟು. ಮೆತ್ತನೆಯ ಪೊಟ್ಟಣದೊಳಗೆ ಸಿಗರೇಟು ನಲುಗದಿರಲೆಂದು ಸೇರಿಸಿದ್ದು. ಆಮೇಲೆ ಅದರ ಮೇಲೆ ಚಿತ್ರ ಬಂತು, ಸಂಖ್ಯೆ ಬಂತು, ಸರಣಿ ಪೂರ್ತಿ ಮಾಡುವ ಹುಚ್ಚು ಬಂತು. ಕತ್ತರಿ ಮಾರ್ಕಿನವರು 1915ರಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ವೀರರ ಸರಣಿ ಹೊರಡಿಸಿದರು, ದಂಡಿನ ಸಿಪಾಯಿಗಳನ್ನು ನೆಚ್ಚಿಕೊಂಡು. ಸೇದುವವನು ಅಪ್ಪ, ಕೂಡಿಡುವವನು ಮಗ. ಮುಂದಿನ ಗಿರಾಕಿಯನ್ನು ಈಗಲೇ ಸಾಕುವ ಈ ಲೆಕ್ಕಾಚಾರ ನನಗೆ ಚಿತ್ರಗಳಷ್ಟು ಮುದ್ದಾಗಿ ಕಾಣುವುದಿಲ್ಲ.

ಅಂಚೆ ಕಾರ್ಡುಗಳ ಕಡೆಗೆ ವಿದ್ವಾಂಸರ ಗಮನ ಹರಿದದ್ದು ತಡವಾಗಿ. 2018ರಲ್ಲಿ ಲಂಡನ್ನಿನ ಸೋಯಸ್ ವಿಶ್ವವಿದ್ಯಾಲಯದಲ್ಲಿ ಮದರಾಸು ಮತ್ತು ಬೆಂಗಳೂರಿನ ಹಳೆಯ ಚಿತ್ರಕಾರ್ಡುಗಳದ್ದೇ ಪ್ರದರ್ಶನ ನಡೆಯಿತು. ಅದೇ ವರ್ಷ ಒಮರ್ ಖಾನ್ ಅವರ 'ಪೇಪರ್ ಜ್ಯುವೆಲ್ಸ್' ಪುಸ್ತಕವೂ ಬಂತು. ಗಣಿಯ ಕಾರ್ಡುಗಳು ಹೊರದೇಶದ ಹರಾಜುಗಳಲ್ಲಿ ಆಗಾಗ ತಲೆ ಹಾಕುತ್ತವೆ. ಮಗ ಊರಿಗಾಂನಿಂದ ಕಾರ್ನ್‌ವಾಲಿನ ತಾಯಿಗೆ ಬರೆದದ್ದು ಅಲ್ಲಿ ಉಳಿಯಿತು. ಮಾರಿಕುಪ್ಪಂನಿಂದ ಉತ್ತರ ಆರ್ಕಾಟಿನ ಹಳ್ಳಿಗೆ ಬರೆದ ಕಾಲಾಣೆ ಕಾರ್ಡು ಎಲ್ಲಿ ಉಳಿದೀತು? ನಮ್ಮ ಮನೆಯ ಪಡಸಾಲೆಯಲ್ಲಿ ಕಾಗದಗಳನ್ನು ಚುಚ್ಚಿಡುವ ಕೊಕ್ಕೆ ತಂತಿಯೊಂದು ನೇತಾಡುತ್ತಿತ್ತು. ತಂತಿ ತುಂಬಿದಾಗ ಇಡೀ ಗೊಂಚಲನ್ನು ಹಂಡೆಯ ಒಲೆಗೆ ಹಾಕುತ್ತಿದ್ದರು. ಹಾಗೆ ಉರಿದದ್ದರಲ್ಲಿ ಏನೇನಿತ್ತೋ!

ಔಷಧವೂ ಸಿಗರೇಟೂ ಬೇರೆಯಾದದ್ದು ಮೆಲ್ಲಗೆ. 1940ರ ಔಷಧ ಕಾಯ್ದೆ, 1948ರ ಫಾರ್ಮಸಿ ಕಾಯ್ದೆ ಬಂದು ಕಾಂಪೌಂಡರ ಕೈಚಳಕದ ಜಾಗಕ್ಕೆ ಲೈಸೆನ್ಸು, ರಿಜಿಸ್ಟರು ಬಂದವು. ಪವಾಡದ ಔಷಧಗಳ ಜಾಹೀರಾತಿಗೆ 1954ರ ಕಾಯ್ದೆ ಲಗಾಮು ಹಾಕಿತು. ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆ ಬರೆಸಿದ್ದು 1975ರ ಕಾಯ್ದೆ. ಜಾಹೀರಾತನ್ನೇ ನಿಷೇಧಿಸಿದ್ದು 2003ರದ್ದು. ಅಷ್ಟರಲ್ಲಿ ಸಿಗರೇಟು ಪೆಟ್ಟಿಗೆ ಅಂಗಡಿ ಸೇರಿ, ಕಂಬಕ್ಕೆ ಕಟ್ಟಿದ ತೆಂಗಿನ ನಾರಿನ ಹಗ್ಗದ ತುದಿಯಲ್ಲಿ ಕಿಡಿ ಹೊತ್ತಿಸಿಕೊಳ್ಳುತ್ತಿತ್ತು. ಅಮೆರಿಕದ ದೊಡ್ಡ ಔಷಧ ಮಳಿಗೆ ಸರಪಳಿ ಸಿವಿಎಸ್ ತಂಬಾಕು ಮಾರುವುದನ್ನು ನಿಲ್ಲಿಸಿದ್ದು 2014ರಲ್ಲಿ. ಈ ಒಂದು ವಿಷಯದಲ್ಲಿ ನಮ್ಮ ಪೇಟೆಗಳೇ ಮುಂದು. ಅತ್ತ ಕೋಲಾರದ ಗಣಿಯೂ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ರೈಲುಗಳು ಮಾತ್ರ ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಕೆಲಸದವರನ್ನು ಇಂದಿಗೂ ಹೊತ್ತೊಯ್ಯುತ್ತವೆ.

ಒಲೆಗೆ ಬೀಳದ ಕಾರ್ಡುಗಳಾದರೂ ಉಳಿಯಲೆಂದು ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆಯ ಓದುಗರಲ್ಲಿ ಒಂದು ಕೋರಿಕೆ. ಅಟ್ಟದ ಟ್ರಂಕಿನಲ್ಲಿ ಹಳೆಯ ಕಾರ್ಡು ಸಿಕ್ಕರೆ ಸ್ಟಾಂಪಿನ ಆಸೆಗೆ ಮೂಲೆ ಕತ್ತರಿಸಬೇಡಿ. ಸ್ಟಾಂಪಿಗಿಂತ ಅದರ ಮೇಲಿನ ದುಂಡು ಮುದ್ರೆ ದೊಡ್ಡದು, ಊರೂ ತಾರೀಕೂ ಅಲ್ಲೇ ಇರುವುದು. ಲ್ಯಾಮಿನೇಷನ್ ಮಾಡಿಸಬೇಡಿ, ಅಂಟು ಹಾಕಿ ಆಲ್ಬಮ್ಮಿಗೆ ಮೆತ್ತಬೇಡಿ. ಎರಡೂ ಮಗ್ಗುಲಿನ ಫೋಟೊ ತೆಗೆದಿಡಿ. ನಡುವೆ ತಂತಿ ಚುಚ್ಚಿದ ತೂತಿದ್ದರೆ ಅದನ್ನೂ ಮುಚ್ಚಬೇಡಿ. ಕಚ್ಚುಪಟ್ಟಿ ಅಂಟಿದ ಔಷಧದ ಸೀಸೆ ಸಿಕ್ಕರೆ ದಯವಿಟ್ಟು ತೊಳೆಯಬೇಡಿ.