ಗ್ರಾಮೀಣ ರಸ್ತೆ: ದಾನ, ಒಪ್ಪಿಗೆ ಮತ್ತು ಪಾಲನೆ

ಸಾರ್ವಜನಿಕ ಕಾಮಗಾರಿಗಳಲ್ಲಿ ಜನರ ಸಹಭಾಗಿತ್ವವೆಂಬುದು ಇತ್ತೀಚಿನ ಪರಿಕಲ್ಪನೆಯೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ, ಸಿದ್ಧರಾಮನು ಕಟ್ಟಿಸಿದನೆನ್ನಲಾದ ಕೆರೆಯನ್ನೂ ಕೆರೆಗಳಿಗೆ ಸಂಬಂಧಿಸಿದ ನೂರಾರು ಕನ್ನಡ ಶಾಸನಗಳನ್ನೂ ಬಲ್ಲವರಿಗೆ ಈ ವಿಚಾರ ಹೊಸದಲ್ಲ. ನಮ್ಮ ಕಾಲದಲ್ಲಿ ಇದೇ ಪ್ರಶ್ನೆ ಗ್ರಾಮೀಣ ರಸ್ತೆಗಳ ವಿಷಯದಲ್ಲಿ ಎದುರಾಗಿದೆ. ಸಹಭಾಗಿತ್ವವೆಂದರೆ ಏನು, ಅದು ಎಲ್ಲಿ ನಿಜವಾಗುತ್ತದೆ, ಎಲ್ಲಿ ಹೆಸರಿಗಷ್ಟೇ ಉಳಿಯುತ್ತದೆ ಎಂಬುದನ್ನು ಇಲ್ಲಿ ಸ್ಥೂಲವಾಗಿ ಪರಿಶೀಲಿಸಲಾಗಿದೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು 2000ದ ಡಿಸೆಂಬರ್ 25ರಂದು ಆರಂಭವಾಯಿತು. ಬಯಲು ಪ್ರದೇಶದಲ್ಲಿ 500ಕ್ಕೂ, ಗುಡ್ಡಗಾಡು ಹಾಗೂ ಮರುಭೂಮಿ ಪ್ರದೇಶಗಳಲ್ಲಿ 250ಕ್ಕೂ ಕಡಿಮೆಯಿಲ್ಲದ ಜನಸಂಖ್ಯೆಯ ವಸತಿಗಳಿಗೆ ಸರ್ವಋತು ರಸ್ತೆ ಒದಗಿಸುವುದು ಅದರ ಮೂಲ ಉದ್ದೇಶ. ಈ ಯೋಜನೆಯಲ್ಲಿ ರಸ್ತೆ ನಿರ್ಮಾಣಕ್ಕೆ ಹಣವುಂಟು, ಭೂಸ್ವಾಧೀನಕ್ಕೆ ಇಲ್ಲ. ಭೂಮಿಯನ್ನು ಒದಗಿಸುವ ಹೊಣೆ ರಾಜ್ಯದ್ದು. ಹಳೆಯ ಬಂಡಿದಾರಿಯನ್ನು ಡಾಂಬರು ರಸ್ತೆಯಾಗಿ ಅಗಲಿಸುವಾಗ ಇಕ್ಕೆಲದ ಹೊಲಗಳಿಂದ ಒಂದೊಂದು ಪಟ್ಟಿ ನೆಲ ಬೇಕಾಗುತ್ತದೆ. ಅನೇಕ ಕಡೆ ಆ ನೆಲ ರೈತರ ಸ್ವಇಚ್ಛೆಯ ದಾನವಾಗಿಯೇ ಬಂದಿದೆ. ಸಹಭಾಗಿತ್ವದ ಪ್ರಶ್ನೆ ಮೊಳೆಯುವುದು ಇಲ್ಲಿಂದಲೇ.

ಇದಕ್ಕಾಗಿ ಯೋಜನೆಯ ಮಾರ್ಗಸೂಚಿಯಲ್ಲಿ ಒಂದು ಕ್ರಮವಿದೆ. ವಿವರವಾದ ಯೋಜನಾ ವರದಿಯನ್ನು ಸಿದ್ಧಪಡಿಸುವ ಹಂತದಲ್ಲಿ ಎಂಜಿನಿಯರು, ಪಂಚಾಯತಿಯ ಪ್ರತಿನಿಧಿಗಳು, ಗ್ರಾಮಲೆಕ್ಕಿಗರು ಹಾಗೂ ಊರಿನ ಸ್ತ್ರೀಪುರುಷರು ಉದ್ದೇಶಿತ ರಸ್ತೆಯ ಉದ್ದಕ್ಕೂ ಒಟ್ಟಾಗಿ ನಡೆದು ನೋಡಬೇಕು. ಇದನ್ನು ಕೂಡುನಡಿಗೆ ಎನ್ನೋಣ. ಯಾರ ಹೊಲ ಎಷ್ಟು ಹೋಗುತ್ತದೆ, ಮಳೆನೀರು ಎತ್ತ ಹರಿಯುತ್ತದೆ, ಯಾವ ಮರ, ಬಾವಿ, ಗುಡಿ ಅಡ್ಡ ಬರುತ್ತವೆ ಎಂಬುದು ಈ ನಡಿಗೆಯಲ್ಲಿ ಗೊತ್ತಾಗಬೇಕು. ನಕ್ಷೆಯಲ್ಲಿ ಕಾಣದ ಹಳ್ಳದ ಸ್ವಭಾವವನ್ನು ಅಲ್ಲಿನ ದನಗಾಹಿಯೊಬ್ಬ ಬಲ್ಲ. ಅವನ ಮಾತನ್ನು ಕೇಳಿ ಮೋರಿಯ ಸ್ಥಾನವನ್ನು ನಿಶ್ಚಯಿಸಿದರೆ ರಸ್ತೆಯ ಆಯುಷ್ಯ ಹೆಚ್ಚುತ್ತದೆ. ಅಗತ್ಯವಿದ್ದಲ್ಲಿ ರಸ್ತೆಯ ಜಾಡನ್ನು ಬದಲಿಸಬಹುದು. ವಾಹನ ಸಂಚಾರ ವಿರಳವಾಗಿರುವಲ್ಲಿ ಡಾಂಬರಿನ ಅಗಲವನ್ನು 3.75 ಮೀಟರಿನಿಂದ 3 ಮೀಟರಿಗೆ ಇಳಿಸಬಹುದು.

ಆದರೆ ದಾನವು ದಾನವಾಗಿಯೇ ಉಳಿಯುತ್ತದೆಯೆ? ಹತ್ತು ಎಕರೆಯವನಿಗೆ ಒಂದು ಪಟ್ಟಿ ನೆಲ ದೊಡ್ಡದಲ್ಲ. ರಸ್ತೆ ಬಂದರೆ ಉಳಿದ ಹೊಲದ ಬೆಲೆಯೂ ಏರುತ್ತದೆ. ಅರ್ಧ ಎಕರೆಯವನಿಗೆ ಅದೇ ಪಟ್ಟಿ ವರ್ಷದ ಕೂಳು. ಊರ ಹಿರಿಯರೆಲ್ಲ ಸುತ್ತ ನಿಂತಿರುವಾಗ ಅವನು ಒಲ್ಲೆನೆಂದು ಹೇಳುವುದು ಸುಲಭವಲ್ಲ. ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರನನ್ನೂ, ಗಂಡನ ಹೆಸರಿನ ಹೊಲದಲ್ಲಿ ದುಡಿಯುವ ಹೆಂಗಸನ್ನೂ ಯಾರೂ ಕೇಳುವುದೇ ಇಲ್ಲ. ನಮ್ಮ ದಾನಶಾಸನಗಳಲ್ಲಿ ದಾನಿಯ ಹೆಸರು, ಭೂಮಿಯ ಅಳತೆ, ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿಗಳು ಸಾಮಾನ್ಯವಾಗಿ ನಮೂದಾಗಿರುತ್ತವೆ. ಇಂದಿನ ದಾನಪತ್ರಕ್ಕೂ ಇಷ್ಟಾದರೂ ಇರಬೇಕು. ಇದರೊಂದಿಗೆ ಇನ್ನೊಂದು ಅಂಶವೂ ಅನಿವಾರ್ಯ: ನಿರಾಕರಿಸುವ ಅವಕಾಶ. ನಿರಾಕರಿಸಲು ಬಾರದ ಕಡೆ ಕೊಟ್ಟದ್ದು ದಾನವಲ್ಲ, ತೆರಿಗೆ; ಅದೂ ಬಡವನ ಮೇಲೆ ಹೆಚ್ಚಾಗಿ ಬೀಳುವ ತೆರಿಗೆ. ಸ್ವಲ್ಪವೇ ಭೂಮಿಯುಳ್ಳವನು ಒಪ್ಪದಿದ್ದರೆ ಜಾಡನ್ನು ಬದಲಿಸಬೇಕು, ಇಲ್ಲವೇ ಊರಾಗಲಿ ಸರ್ಕಾರವಾಗಲಿ ಅವನ ನಷ್ಟವನ್ನು ತುಂಬಿಕೊಡಬೇಕು.

ಎರಡನೆಯ ಪ್ರಶ್ನೆ ಪಾಲನೆಯದು. ಕೆರೆಯನ್ನು ಕಟ್ಟಿಸುವುದರಷ್ಟೇ ಅದನ್ನು ಕಾಯುವುದೂ ಮುಖ್ಯವೆಂಬ ಅರಿವು ನಮ್ಮ ಪೂರ್ವಿಕರಿಗಿತ್ತು. ಬಿತ್ತುವಟ್ಟವೆಂಬ ಹೆಸರಿನಲ್ಲಿ ಕೆರೆಗಾಗಿ ಬಿಟ್ಟ ದತ್ತಿಗಳೂ, ಹೂಳೆತ್ತುವ ಬಂಡಿಗಾಗಿ ಬಿಟ್ಟ ದತ್ತಿಗಳೂ ಶಾಸನಗಳಲ್ಲಿ ಕಾಣಸಿಗುತ್ತವೆ. ಸಡಕ್ ಯೋಜನೆಯಲ್ಲಿ ರಸ್ತೆ ಮುಗಿದ ಮೇಲೆ ಐದು ವರ್ಷಗಳ ನಿರ್ವಹಣೆ ಗುತ್ತಿಗೆದಾರನದು; ಆಮೇಲಿನ ಹೊಣೆ ರಾಜ್ಯದ್ದು. ರಸ್ತೆಯ ಮೊದಲ ಶತ್ರು ನೀರು. ಬದಿಯ ಚರಂಡಿಯನ್ನು ತೆರವುಗೊಳಿಸುವುದು, ಮೋರಿಯ ಹೂಳು ತೆಗೆಯುವುದು, ಕೊರೆದ ಅಂಚಿಗೆ ಮಣ್ಣು ತುಂಬುವುದು ಇವು ಊರಿನವರೇ ಮಾಡಬಲ್ಲ ಕೆಲಸಗಳು. ಆದರೆ ಇವು ಬಿಟ್ಟಿಯಾಗಬಾರದು. ಪೆರು ದೇಶದಲ್ಲಿ 1990ರ ದಶಕದಿಂದ ರಸ್ತೆಬದಿಯ ಊರಿನವರೇ ಕೂಡಿ ಕಟ್ಟಿಕೊಂಡ ಕಿರು ಉದ್ಯಮಗಳಿಗೆ ಇಂತಹ ಕೆಲಸವನ್ನು ಗುತ್ತಿಗೆಯ ಮೇಲೆ ಹಣ ಕೊಟ್ಟು ವಹಿಸಲಾಯಿತು. ಅಲ್ಲಿ ರಸ್ತೆಯೂ ಉಳಿಯಿತು, ದುಡಿಮೆಯೂ ದೊರೆಯಿತು.

ಮೂರನೆಯದು ಕಣ್ಗಾವಲು. ಪ್ರತಿಯೊಂದು ಪದರಕ್ಕೆ ಎಷ್ಟು ಸಾಮಗ್ರಿ ಬಳಕೆಯಾಗಿದೆಯೆಂಬುದನ್ನು ಸ್ಥಳೀಯ ಭಾಷೆಯಲ್ಲಿ ಫಲಕದ ಮೇಲೆ ಬರೆಯಬೇಕೆಂಬ ನಿಯಮವಿದೆ. ಫಲಕವನ್ನು ಓದಿ ಪ್ರಶ್ನಿಸುವವರಿದ್ದರೆ ಮಾತ್ರ ಅದಕ್ಕೆ ಅರ್ಥ.

ಒಟ್ಟಿನಲ್ಲಿ, ಊರಿನವರು ಎಷ್ಟು ಜನ ಸಹಿ ಹಾಕಿದರೆಂಬುದು ಸಹಭಾಗಿತ್ವದ ಅಳತೆಯಲ್ಲ. ಅರ್ಧ ಎಕರೆಯವನ ಮಾತಿಗೆ ರಸ್ತೆಯ ಜಾಡು ಒಂದು ಗಜವಾದರೂ ಸರಿಯಿತೆ, ಆರನೆಯ ಮಳೆಗಾಲದಲ್ಲಿ ಮೋರಿಯ ಬಾಯಿ ತೆರೆದಿತ್ತೆ ಎಂಬ ಎರಡು ಪ್ರಶ್ನೆಗಳಿಂದಲೇ ಅದನ್ನು ಅಳೆಯಬೇಕಾಗುತ್ತದೆ.